ಹೆಬ್ಬೆರಳ ಲೆಕ್ಕ

ನಮ್ಮ ಪಕ್ಕದ ಮನೆಯ ಬಾಲ್ಕನಿಯಲ್ಲಿ ನಾಲ್ಕು ಸೈಕಲ್‌ಗಳಿವೆ. ಎರಡು ನೆಲದ ಮೇಲೆ, ಎರಡು ಗೋಡೆಯ ಕೊಕ್ಕೆಗೆ. ನೇತುಹಾಕಿದ್ದರಲ್ಲಿ ಒಂದರ ಹ್ಯಾಂಡಲ್ಲಿನ ಮೇಲೆ ಆ ಮನೆಯ ಅಮ್ಮ ಒಗೆದ ಟವೆಲ್ ಹರವುತ್ತಾರೆ. ಅವರ ಹುಡುಗ ಗೊಣಗುತ್ತಾನೆ: “ಅಮ್ಮಾ, ಅದು ಕಾರ್ಬನ್ನು!” “ಏನಾದ್ರೂ ಆಗ್ಲಪ್ಪ, ಬಿಸಿಲು ಬೀಳೋದು ಅದೊಂದರ ಮೇಲೇ.” ಹುಡುಗ ಎನ್ನುತ್ತೇನಾದರೂ ಅವನಿಗೆ ಮೂವತ್ತೈದು ದಾಟಿದೆ. ಭಾನುವಾರ ನಸುಕಿಗೇ ಎದ್ದು ಹೊರಟು, ನಂದಿ ಬೆಟ್ಟ ಹತ್ತಿ ಇಳಿದು, ನಮ್ಮ ಮನೆಯಲ್ಲಿ ದೋಸೆ ಕಾವಲಿ ಕೆಳಗಿಡುವ ಹೊತ್ತಿಗೆ ವಾಪಸಾಗಿರುತ್ತಾನೆ. ಮೊನ್ನೆ ಐದನೆಯ ಸೈಕಲ್ಲಿನ ಮಾತೆತ್ತಿದ. ಸೈಕಲ್ ಹುಚ್ಚಿನವರ ನಡುವೆ ಒಂದು ತಮಾಷೆಯ ಸೂತ್ರವಿದೆಯಂತೆ. ಒಬ್ಬನಿಗೆ ಎಷ್ಟು ಸೈಕಲ್ ಬೇಕು? ಈಗಿರುವುದಕ್ಕಿಂತ ಒಂದು ಹೆಚ್ಚು. ಎಲ್ಲಿಗೆ ನಿಲ್ಲಿಸಬೇಕು? ಹೆಂಡತಿ ತವರಿಗೆ ಹೊರಡುವ ಸಂಖ್ಯೆಗಿಂತ ಒಂದು ಮುಂಚೆ.

ನಕ್ಕುಬಿಡಬಹುದು, ಆದರೆ ಅವನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಡಾಂಬರಿನ ಮೇಲೆ ಓಡುವ ಸೈಕಲ್ಲಿನ ಟೈರು 25-28 ಮಿಲಿಮೀಟರ್ ಅಗಲ. ಕಲ್ಲಿನ ಹಾಗೆ ಗಟ್ಟಿಯಾಗುವಷ್ಟು ಗಾಳಿ ತುಂಬಿದರೆ ಮಾತ್ರ ಅದಕ್ಕೆ ಓಟ. ಅದನ್ನು ಕಲ್ಲು, ಬೇರು, ಕೊರಕಲುಗಳ ಕಾಡುದಾರಿಗೆ ಒಯ್ದರೆ ಪಂಕ್ಚರ್ ಹಾಕುತ್ತಾ ಕೂರಬೇಕು. ಕಾಡಿನ ಸೈಕಲ್ಲಿಗೋ ಎರಡಿಂಚಿಗೂ ಮಿಕ್ಕಿದ, ಮೈತುಂಬ ಗುಬಟಿರುವ ಟೈರು. ಅದನ್ನು ಮೈಸೂರು ರಸ್ತೆಗೆ ಇಳಿಸಿದರೆ ಹಿಂದಿನಿಂದ ಯಾರೋ ಹಿಡಿದು ಎಳೆಯುತ್ತಿರುವಂತೆ ಭಾರ. ನಮ್ಮ ಅಡುಗೆಮನೆಯಲ್ಲೂ ಚಾಕು ಇದ್ದರೂ ಈಳಿಗೆಮಣೆ ಇರುತ್ತದಲ್ಲ. ಹಾಗಾಗಿ ಎರಡರವರೆಗೆ ನನ್ನ ತಕರಾರಿಲ್ಲ. ಮೂರನೆಯದು, ನಾಲ್ಕನೆಯದು ಎಂದಾಗಲೇ ಫ್ರಾನ್ಸಿನ ಒಂದು ಸವಾರಿ ನೆನಪಾಗುತ್ತದೆ. ಪ್ಯಾರಿಸ್‌ನಿಂದ ಸಮುದ್ರದಂಚಿನ ಬ್ರೆಸ್ಟ್ ಊರಿಗೆ ಹೋಗಿ ಮರಳುವ, 1891ರಲ್ಲಿ ಶುರುವಾದ, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸವಾರಿ ಅದು. ದೂರ ಸುಮಾರು 1200 ಕಿಲೋಮೀಟರ್, ಹೆಚ್ಚೆಂದರೆ 90 ಗಂಟೆಯ ಗಡುವು. ನಮ್ಮವರೂ ಹೋಗಿ ಮುಗಿಸಿ ಬಂದಿದ್ದಾರೆ. ರಾತ್ರಿ, ಮಳೆ, ಏರು, ಇಳಿಜಾರು ಎಲ್ಲಕ್ಕೂ ಸಾಮಾನ್ಯವಾಗಿ ಹೊರಟ ಸೈಕಲ್ಲೇ ಗತಿ.

ನಮ್ಮಪ್ಪನಿಗಿದ್ದದ್ದು ಒಂದು ಹರ್ಕ್ಯುಲಸ್. ಬಾರಿನ ಮೇಲೆ ಟವೆಲ್ ಸುತ್ತಿ ನನ್ನನ್ನು ಕೂರಿಸುತ್ತಿದ್ದರು. ಹಿಂದೆ ಕ್ಯಾರಿಯರ್ ಮೇಲೆ ಅಮ್ಮ, ಅವಳ ಮಡಿಲಲ್ಲಿ ತಂಗಿ. ತಿಂಗಳ ಮೊದಲ ವಾರ ಅದೇ ಕ್ಯಾರಿಯರ್ ಮೇಲೆ ಸೊಸೈಟಿ ಅಕ್ಕಿ, ಹ್ಯಾಂಡಲ್ಲಿಗೆ ಸೀಮೆಎಣ್ಣೆ ಡಬ್ಬ. ಸಂಜೆ ಅಪ್ಪ ಕಾಫಿ ಕುಡಿಯುವಷ್ಟು ಹೊತ್ತು ಅದು ನನ್ನದು: ಸೀಟು ಎಟುಕದೆ, ಬಾರಿನಡಿ ಕಾಲು ತೂರಿಸಿ ಒಳಪೆಡಲು ಹೊಡೆದು ಬೀದಿ ಕೊನೆಯ ಅರಳಿಕಟ್ಟೆ ಸುತ್ತಿ ಬರುತ್ತಿದ್ದೆ. ವರ್ಷಕ್ಕೊಮ್ಮೆ ಓವರಾಯಿಲಿಂಗ್‌ಗೆ ಬಿಟ್ಟ ದಿನ ಮನೆಯ ಅರ್ಧ ಕೆಲಸ ನಿಂತುಹೋಗುತ್ತಿತ್ತು. ಇದನ್ನು ಅಪ್ಪನ ವೈರಾಗ್ಯ ಎಂದು ಕೊಂಡಾಡಲಾರೆ. ಎರಡನೆಯದಕ್ಕೆ ದುಡ್ಡಿರಲಿಲ್ಲ, ಅಷ್ಟೆ. ಆದರೆ ಒಂದೂ ಇಲ್ಲದಿರುವುದಕ್ಕೂ ಒಂದು ಇರುವುದಕ್ಕೂ ಎಷ್ಟು ದೂರ ಎಂಬುದು ಆ ಮನೆಯಲ್ಲಿ ಬೆಳೆದ ನನಗೆ ಗೊತ್ತು. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗಲೂ ಲೆಕ್ಕ ಇದೇ. ಊರಿನ ಶಾಲೆ ಏಳನೆಯ ತರಗತಿಗೆ ಮುಗಿದು ಹೈಸ್ಕೂಲು ನಾಲ್ಕೈದು ಮೈಲಿ ಆಚೆ ಇದ್ದರೆ, ಹೆಣ್ಣುಮಗಳ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದನ್ನು ಎಷ್ಟೋ ಸಲ ಒಂದು ಸೈಕಲ್ ನಿರ್ಧರಿಸುತ್ತದೆ. ನಾಲ್ಕಕ್ಕೂ ಐದಕ್ಕೂ ನಡುವೆ ಇರುವುದು ಗೋಡೆಗೆ ಹೊಡೆಯಬೇಕಾದ ಇನ್ನೊಂದು ಕೊಕ್ಕೆ ಮಾತ್ರ.

ನನಗೆ ನಿಜವಾಗಿ ಸೋಜಿಗವೆನಿಸಿದ್ದು ಬೇರೆ. ನಾಲ್ಕು ಸೈಕಲ್ಲಿನ ಈ ಒಡೆಯ ಕರಿಬೇವು ತರಲು ಸ್ಕೂಟರ್ ಹತ್ತುತ್ತಾನೆ! ಕೇಳಿದರೆ, “ಯಾವ್ದಕ್ಕೂ ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ ಅಂಕಲ್. ಅಷ್ಟು ರೇಟಿಂದು, ತರಕಾರಿ ಗಾಡಿ ಪಕ್ಕ ಒರಗಿಸಿ ಬರೋಕಾಗುತ್ತಾ?” ಎಂದ. ನೂರು ಕಿಲೋಮೀಟರಿಗೆ ಅಂಜದವನು ನಾನೂರು ಮೀಟರಿಗೆ ಪೆಟ್ರೋಲ್ ಸುಡುತ್ತಾನೆ. ಅವನನ್ನು ಆಡಿಕೊಳ್ಳುವ ಮುಂಚೆ ನಮ್ಮ ನಮ್ಮ ಅಟ್ಟ ನೋಡಿಕೊಳ್ಳೋಣ. ಅಪರಿಗ್ರಹ ಎಂಬ ದೊಡ್ಡ ಮಾತು ನಮ್ಮಂಥ ಸಂಸಾರಿಗಳಿಗೆ ನೆನಪಾಗುವುದು ಅಟ್ಟದ ಧೂಳು ಮೂಗಿಗೆ ಹೊಡೆದಾಗಲೇ. ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ತಿಳಿಯಲು ಸೈಕಲ್ಲಿನ ಮಟ್ಟಿಗೆ ಒಂದು ಸುಲಭದ ಲೆಕ್ಕವಿದೆ. ನಮ್ಮ ಬೀದಿಯ ಪಂಕ್ಚರ್ ಅಂಗಡಿಯವರು ಸೈಕಲ್ ಕಂಡೊಡನೆ ಟೈರನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಸಪೂರ ಟೈರು ವಾರ ಹತ್ತು ದಿನಕ್ಕೆ ತಾನಾಗಿ ಮೆತ್ತಗಾಗುತ್ತದೆ, ಅದು ತಪ್ಪಲ್ಲ. ಆಮೇಲೆ ಚೈನು ಮುಟ್ಟುತ್ತಾರೆ. ಬೆರಳಿಗೆ ಕರಿ ಅಂಟಿದರೆ ಓಡುವ ಸೈಕಲ್, ತುಕ್ಕಿನ ಪುಡಿ ಅಂಟಿದರೆ ನಿಂತ ಸೈಕಲ್. ಓಡಿ ಸವೆದದ್ದಕ್ಕಿಂತ ನಿಂತು ಕೆಟ್ಟದ್ದೇ ತಮ್ಮಲ್ಲಿಗೆ ಹೆಚ್ಚು ಬರುತ್ತದೆ ಎನ್ನುತ್ತಾರೆ ಅವರು. ಪಕ್ಕದ ಮನೆಯ ನಾಲ್ಕರಲ್ಲಿ ಬೆರಳಿಗೆ ಕರಿ ಅಂಟಿಸಿದ್ದು ಎರಡೇ.

ಐದನೆಯದು ಬೇಡ ಎಂದು ನಾನೇನೂ ಹೇಳಲಿಲ್ಲ. ನಿಂತ ಎರಡನ್ನು ಕಳಿಸಿ, ಸ್ಟ್ಯಾಂಡು, ಕ್ಯಾರಿಯರ್, ಬೆಲ್ಲು ಇರುವ ಒಂದನ್ನು ತಗೊಳ್ಳಪ್ಪ ಎಂದೆ. ನಿಮ್ಮ ಮನೆಯ ಮೆಟ್ಟಿಲ ಕೆಳಗೂ ಒಂದು ಸೈಕಲ್ ಇದ್ದೀತು. ಈ ಭಾನುವಾರ ಅದರ ಚೈನನ್ನು ಒಮ್ಮೆ ಮುಟ್ಟಿ ನೋಡಿ. ತುಕ್ಕು ಅಂಟಿದರೆ, ನಿಮ್ಮ ಹೂವಿನವರ ಮಗಳೋ ಹಾಲಿನವರ ಮಗನೋ ದೂರದ ಶಾಲೆಗೆ ನಡೆದು ಹೋಗುತ್ತಿದ್ದಾರೆಯೇ ಎಂದು ವಿಚಾರಿಸಿ. ಕೊಡುವುದಾದರೆ ಬ್ರೇಕು ಬಿಗಿ ಮಾಡಿಸಿ, ಟ್ಯೂಬು ಹೊಸದು ಹಾಕಿಸಿಯೇ ಕೊಡಿ. ಆ ಖರ್ಚು ನಿಮ್ಮದೇ ಇರಲಿ.