ವೇಷವೂ ನಡೆಯೂ

ನುಡಿಗೂ ನಡೆಗೂ ಬಿರುಕು ಇರಬಾರದೆಂಬುದು ಶರಣಧರ್ಮದ ಮೊದಲ ಪಾಠ. ನಮ್ಮ ಮನೆಗಳ ಮಕ್ಕಳು ಅಕ್ಷರಾಭ್ಯಾಸಕ್ಕೆ ಮುಂಚೆಯೇ ಇದನ್ನು ಕೇಳಿರುತ್ತಾರೆ. ಹೀಗಿರುವಾಗ ತನ್ನದಲ್ಲದ ನುಡಿಯನ್ನು ತನ್ನದೆಂಬಂತೆ ನುಡಿಯುವುದನ್ನೇ ಒಂದು ವಿದ್ಯೆಯೆಂದು ಕಲಿಯ ಹೊರಟವನು ಆ ಪಾಠಕ್ಕೆ ಏನು ಉತ್ತರ ಹೇಳಬೇಕು? ನಾನು ರಂಗಶಿಕ್ಷಣದ ವಿದ್ಯಾರ್ಥಿ. ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ಪಂಡಿತರಲ್ಲ, ನನ್ನ ದೊಡ್ಡಪ್ಪನವರು. ಶಾಲೆಗೆ ಸೇರುವ ಸುದ್ದಿ ತಿಳಿಸಿದಾಗ ಅವರು ಎಲೆಗೆ ಸುಣ್ಣ ಸವರುತ್ತ, "ಸುಳ್ಳು ಹೇಳೂದು ಕಲಿಯಾಕ ಸಾಲೀಗೆ ಯಾಕ ಹೋಗಬೇಕೋ ತಮ್ಮಾ, ಊರಾಗಿದ್ರ ಬರೂದಿಲ್ಲೇನು?" ಎಂದರು. ಎಲ್ಲರೂ ನಕ್ಕರು; ನಾನೂ ನಕ್ಕೆನು. ಆದರೆ ಆ ಮಾತು ನನ್ನ ಹಾಸಿಗೆಯ ಗಂಟಿನೊಡನೆ ಶಾಲೆಯವರೆಗೂ ಬಂದಿತು.

ದೊಡ್ಡಪ್ಪನವರಿಗೆ ಹೇಳಬಹುದಾಗಿದ್ದ ಉತ್ತರವೊಂದು ಶರಣರ ಚರಿತ್ರೆಯಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ವೇಷವನ್ನೇ ಕಾಯಕವಾಗಿ ಮಾಡಿಕೊಂಡವರಿದ್ದರು. ರೇಕಣ್ಣಪ್ರಿಯ ನಾಗಿನಾಥ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದ ಚೌಡಯ್ಯನವರಿಗೆ ಬಹುರೂಪಿ ಎಂಬುದು ಬಿರುದಲ್ಲ, ಕಸುಬಿನ ಹೆಸರು. ಮೇಖಲೇಶ್ವರಲಿಂಗ ಎಂಬ ಅಂಕಿತದ ಕಲಕೇತಯ್ಯನವರು ಕಲಕೇತನ ವೇಷ ತೊಟ್ಟು ಜನರ ಮುಂದೆ ಆಡಿ ತೋರಿಸುತ್ತಿದ್ದವರು. ನಗೆಯ ಮಾರಿತಂದೆಯವರ ಕಾಯಕವು ಜನರನ್ನು ನಗಿಸುವುದು. ಮಡಿವಾಳರು, ಅಂಬಿಗರು, ಕುಂಬಾರರು ಕುಳಿತ ಸಾಲಿನಲ್ಲಿಯೇ ಈ ಮೂವರೂ ಕುಳಿತರು. ಅಂತರಂಗಕ್ಕೂ ಬಹಿರಂಗಕ್ಕೂ ಇರುವ ಬಿರುಕನ್ನು ಅಷ್ಟು ನಿಷ್ಠುರವಾಗಿ ಪರೀಕ್ಷಿಸಿದ ಸಮುದಾಯವು, ಹೊಟ್ಟೆಗಾಗಿ ದಿನಕ್ಕೊಂದು ರೂಪ ಧರಿಸುವವನನ್ನು ಹೊರಗೆ ನಿಲ್ಲಿಸಲಿಲ್ಲ. ಇದು ಸಣ್ಣ ಸಂಗತಿಯೆಂದು ನನಗೆ ತೋರುವುದಿಲ್ಲ.

ಏಕೆ ನಿಲ್ಲಿಸಲಿಲ್ಲ? ನಾನು ಯೋಚಿಸಿ ಕಂಡುಕೊಂಡದ್ದಿಷ್ಟು. ಬಹುರೂಪಿಯು ಬೀದಿಗೆ ಬಂದಾಗ ಆತನು ಬಹುರೂಪಿಯೆಂದು ಊರಿಗೆಲ್ಲ ತಿಳಿದಿರುತ್ತದೆ. ಹುಲಿಯ ಬಣ್ಣ ಹಚ್ಚಿಕೊಂಡು ಬಂದವನನ್ನು ಕಂಡು ಹುಡುಗರು ಹೆದರುತ್ತಾರೆ, ಹಿಂದೆಯೂ ಓಡುತ್ತಾರೆ. ಅಲ್ಲಿ ಮೋಸ ಹೋದವರು ಯಾರೂ ಇಲ್ಲ. ಶರಣರು ಖಂಡಿಸಿದ ವೇಷವು ಬೇರೆ ಬಗೆಯದು. ವೇಷವೆಂದು ಹೇಳಿಕೊಳ್ಳದ ವೇಷವದು. ಭಕ್ತನಲ್ಲದವನು ಭಕ್ತನ ಲಾಂಛನ ತೊಟ್ಟು ಅದರಿಂದ ಬರುವ ಗೌರವವನ್ನು ಉಣ್ಣುವುದು, ಮಾಡದ ದಾಸೋಹವನ್ನು ಮಾಡಿದೆನೆಂದು ನಂಬಿಸುವುದು. ರಂಗದ ಮೇಲಿನವನು ಪರದೆ ಬಿದ್ದೊಡನೆ ಬಣ್ಣ ತೊಳೆದುಕೊಳ್ಳುತ್ತಾನೆ. ಬೀದಿಯ ವೇಷಧಾರಿಗೆ ಪರದೆಯೇ ಇಲ್ಲ.

ಈ ವಿಚಾರವು ಸರಿಯೆಂದೇ ಇಂದಿಗೂ ನಂಬಿದ್ದೇನೆ. ಆದರೆ ಇದರಿಂದ ನಾನು ಬಹಳ ಬೇಗ ಸಮಾಧಾನಪಟ್ಟೆನೆಂಬುದನ್ನು ಮುಂದಿನ ಸಂಗತಿ ತೋರಿಸಿತು.

ಎರಡನೆಯ ವರ್ಷ ನಮ್ಮ ಶಾಲೆಯಲ್ಲಿ ಕಲ್ಯಾಣದ ಶರಣರನ್ನು ಕುರಿತು ಒಂದು ನಾಟಕವನ್ನು ಸಿದ್ಧಪಡಿಸಿದೆವು. ಆ ಕಾಲದ ಕಥೆ ಕನ್ನಡ ರಂಗಭೂಮಿಗೆ ಹೊಸದಲ್ಲ. ನೂರು ವರ್ಷ ದಾಟಿ ಬಾಳಿದ ಏಣಗಿ ಬಾಳಪ್ಪನವರು ಬಸವಣ್ಣನವರ ಪಾತ್ರದಿಂದ ಉತ್ತರ ಕರ್ನಾಟಕದ ಮನೆಮಾತಾದವರು. ಲಂಕೇಶರ 'ಸಂಕ್ರಾಂತಿ' (1971), ಶಿವಪ್ರಕಾಶರ 'ಮಹಾಚೈತ್ರ' (1986), ಕಾರ್ನಾಡರ 'ತಲೆದಂಡ' (1990) ಇವೆಲ್ಲ ಆ ಕಲ್ಯಾಣವನ್ನೇ ಬೇರೆ ಬೇರೆ ಬಾಗಿಲುಗಳಿಂದ ಹೊಕ್ಕ ನಾಟಕಗಳು. ಸಾಣೇಹಳ್ಳಿಯ ಮಠವು 1997ರಲ್ಲಿ ಶಿವಸಂಚಾರವನ್ನು ಆರಂಭಿಸಿ, ಇಂತಹ ನಾಟಕಗಳನ್ನು ಊರೂರಿಗೆ ಕೊಂಡೊಯ್ದಿತು. ನಮ್ಮದು ಇವುಗಳ ಮುಂದೆ ಚಿಕ್ಕ ಪ್ರಯತ್ನ. ಅದರಲ್ಲಿ ನನಗೆ ದೊರೆತದ್ದು ಹರಳಯ್ಯನ ಪಾತ್ರ.

ಹರಳಯ್ಯನವರ ಕಥೆಯನ್ನು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಅವರು ಶರಣು ಎಂದರು. ಬಸವಣ್ಣನವರು ಶರಣು ಶರಣಾರ್ಥಿ ಎಂದು ಇಮ್ಮಡಿಯಾಗಿ ಹಿಂದಿರುಗಿಸಿದರು. ಆ ಹೆಚ್ಚಿನ ಒಂದು ಶರಣಾರ್ಥಿಯನ್ನು ಹೊರಲಾರದೆ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿದರು. ಚರ್ಮ ತೆಗೆಯುವ ದೃಶ್ಯವೇ ಕಠಿಣವೆಂದು ನಾನು ಭಾವಿಸಿದ್ದೆ. ತಾಲೀಮಿನಲ್ಲಿ ಅದು ಎರಡು ದಿನಕ್ಕೆ ಬಂದಿತು. ನೋವನ್ನು ನಟಿಸುವುದು ಅಷ್ಟೇನೂ ಕಷ್ಟವಲ್ಲ. ಬಾರದೆ ಹೋದದ್ದು ಮೊದಲನೆಯ ದೃಶ್ಯ. ಬಸವಣ್ಣನವರ ಪಾತ್ರಧಾರಿ ಕೈಮುಗಿದು ಶರಣು ಶರಣಾರ್ಥಿ ಎಂದಾಗ ನಾನು ಬೆಚ್ಚಬೇಕು. ಹದಿನೈದು ದಿವಸವಾದರೂ ನಾನು ಬೆಚ್ಚಲಿಲ್ಲ. ಕಣ್ಣರಳಿಸಿದೆ, ಹಿಂದೆ ಸರಿದೆ, ಕೈ ನಡುಗಿಸಿದೆ. ನಿರ್ದೇಶಕರು ಪ್ರತಿಸಲವೂ ತಲೆಯಲ್ಲಾಡಿಸಿ, "ನಿನಗೆ ನಮಸ್ಕಾರ ಬಂದೇ ಬರುತ್ತದೆಂದು ಗೊತ್ತಿರುವವನ ಹಾಗೆ ನಿಂತಿದ್ದೀಯೆ" ಎಂದರು.

ಶಾಸ್ತ್ರಗಳನ್ನು ತಿರುವಿಹಾಕಿದೆ. ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ನನ್ನಲ್ಲಿ ಮೊದಲ ಮೂರು ಇದ್ದವು. ಫ್ರಾನ್ಸಿನ ದಿದೆರೋ ಎಂಬ ತತ್ತ್ವಜ್ಞಾನಿಯ ಮತದಂತೆ ಉತ್ತಮ ನಟನು ಏನನ್ನೂ ಅನುಭವಿಸಬೇಕಾಗಿಲ್ಲ. ತಣ್ಣಗಿದ್ದು ಭಾವದ ಹೊರಚಿಹ್ನೆಗಳನ್ನು ತಪ್ಪದೆ ತೋರಿದರೆ ಸಾಕು. 1830ರಲ್ಲಿ, ಆತನ ಮರಣಾನಂತರ ಅಚ್ಚಾದ ಗ್ರಂಥದ ವಾದವಿದು. 1898ರಲ್ಲಿ ಮಾಸ್ಕೋ ಕಲಾರಂಗಮಂದಿರವನ್ನು ಕಟ್ಟಿದವರಲ್ಲೊಬ್ಬನಾದ ಸ್ತಾನಿಸ್ಲಾವ್‌ಸ್ಕಿಯು ಇದಕ್ಕೆ ಒಪ್ಪುವವನಲ್ಲ. ಪಾತ್ರದ ಸ್ಥಿತಿಯಲ್ಲಿ ನಾನೇ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ನಟನು ತನ್ನನ್ನು ತಾನೇ ಕೇಳಿಕೊಳ್ಳಬೇಕೆಂಬುದು ಆತನ ಬೋಧೆ. ನಾನು ಪ್ರಾಮಾಣಿಕವಾಗಿ ಕೇಳಿಕೊಂಡೆ. ಉತ್ತರವೇ ಬರಲಿಲ್ಲ. ಏಕೆಂದರೆ ನನ್ನ ಇಪ್ಪತ್ತೆರಡು ವರ್ಷಗಳ ಬದುಕಿನಲ್ಲಿ ನನ್ನ ನಮಸ್ಕಾರಕ್ಕೆ ಪ್ರತಿನಮಸ್ಕಾರ ಬಾರದ ದಿನವನ್ನೇ ನಾನು ಕಂಡಿರಲಿಲ್ಲ.

ಕೈಗೆಲಸವನ್ನಾದರೂ ಕಲಿಯೋಣವೆಂದು ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವ ಒಬ್ಬರ ಪಕ್ಕದಲ್ಲಿ ಹತ್ತು ದಿವಸ ಕುಳಿತೆನು. ರಂಪಿಗೆ ಹಿಡಿಯುವುದು, ಉಳಿಯಿಂದ ತೂತು ಮಾಡುವುದು, ದಾರಕ್ಕೆ ಮೇಣ ತಿಕ್ಕುವುದು ಇವನ್ನೆಲ್ಲ ಅವರು ಬೇಸರಿಸದೆ ತೋರಿಸಿದರು. ನಾನು ಅಟ್ಟೆಯನ್ನು ಕೈಯಲ್ಲಿ ಹಿಡಿದು ಒದ್ದಾಡುತ್ತಿದ್ದಾಗ, "ಕೈಯಲ್ಲ ಸಾಹೇಬ್ರ, ಕಾಲಾಗ ಹಿಡೀಬೇಕು. ಕೈ ಎರಡೂ ಖಾಲಿ ಇರಬೇಕು" ಎಂದರು. ಅವರ ಪಾದದ ಬೆರಳುಗಳು ಚರ್ಮವನ್ನು ಇಕ್ಕಳದಂತೆ ಕಚ್ಚಿ ಹಿಡಿದಿದ್ದವು. ಗ್ರಂಥಗಳಲ್ಲಿ ಕಾಯಕವೆಂಬ ಪದವನ್ನು ನೂರು ಸಲ ಓದಿದವನಿಗೆ ಒಬ್ಬ ಮನುಷ್ಯನ ಕಾಲ್ಬೆರಳುಗಳೂ ದುಡಿಯುತ್ತವೆಂಬುದು ಆ ದಿನ ತಿಳಿಯಿತು. ಹತ್ತನೆಯ ದಿನ ಹಣ ಕೊಡಹೋದೆ. ಅವರು ಒಲ್ಲದೆ, "ಆಟ ನೋಡಾಕ ನಾನೂ ಬರಬಹುದೇನ್ರಿ?" ಎಂದು ಕೇಳಿದರು. ಬರಬೇಡಿರೆಂದು ಯಾರು ಹೇಳಿದ್ದಾರೆ ಎಂದೆ. ನಾನು ಕೊಡಬೇಕಾಗಿದ್ದ ಉತ್ತರ ಅದಲ್ಲವೆಂದು ಈಗ ಅನಿಸುತ್ತದೆ. ಬನ್ನಿ ಎಂದರೆ ಸಾಕಾಗಿತ್ತು.

ಕೊರಳಿಗೆ ಕಟ್ಟಲು ಬಣ್ಣ ಬಳಿದ ಕಟ್ಟಿಗೆಯ ಕರಡಿಗೆಯೊಂದನ್ನು ಕೊಟ್ಟರು. ಅದರೊಳಗೆ ಏನೂ ಇರಲಿಲ್ಲ. ನನ್ನ ಲಿಂಗವು ಆಗ ಪೆಟ್ಟಿಗೆಯ ತಳದಲ್ಲಿ ಬಟ್ಟೆಗಳ ಅಡಿಗೆ ಇದ್ದಿತೆಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಖಾಲಿ ಕರಡಿಗೆಯನ್ನು ರಂಗದ ಮೇಲೆ ದಿನವೂ ಕಣ್ಣಿಗೊತ್ತಿಕೊಂಡೆನು.

ಹತ್ತು ಊರುಗಳಲ್ಲಿ ಪ್ರದರ್ಶನವಾಯಿತು. ಕೊನೆಯದು ನಮ್ಮೂರಿನಲ್ಲಿ, ಜಾತ್ರೆಯ ಮರುದಿನ. ನಾಟಕ ಮುಗಿದೊಡನೆ ಜನ ರಂಗದ ಹಿಂಭಾಗಕ್ಕೆ ನುಗ್ಗಿದರು. ಬಸವಣ್ಣನವರ ಪಾತ್ರ ಮಾಡಿದ ಗೆಳೆಯನ ಕಾಲನ್ನು ಮುದುಕಿಯರು ಹಿಡಿದರು. ಅವನು ಬೇಡ ಬೇಡವೆಂದು ಕುಣಿದಾಡಿದನು. ನನ್ನ ಕಾಲನ್ನೂ ಇಬ್ಬರು ಮುಟ್ಟಿದರು. ಆಗ ದೂರದಲ್ಲಿ, ದೀಪದ ಬೆಳಕು ಮುಗಿಯುವಲ್ಲಿ, ನಮ್ಮ ಮನೆಗೆ ತಲೆಮಾರುಗಳಿಂದ ಚಪ್ಪಲಿ, ಬಾರುಕೋಲು ಮಾಡಿಕೊಟ್ಟ ಮನೆತನದ ಹಿರಿಯರು ನಿಂತಿದ್ದರು. ಅಜ್ಜನ ಕಾಲದಲ್ಲಿ ಸುಗ್ಗಿಯ ಕಣದಿಂದ ಆಯ ಒಯ್ಯುತ್ತಿದ್ದವರು. ನನ್ನನ್ನು ನೋಡಿ ಅವರು ಕೈಯೆತ್ತಿ "ಶರಣ್ರೀ ಯಪ್ಪಾ" ಎಂದರು. ನಾನು ಯೋಚಿಸಲಿಲ್ಲ. ಕೈಮುಗಿದು ಶರಣು ಶರಣಾರ್ಥಿ ಎಂದೆನು. ಮುಖದ ಮೇಲೆ ವಿಭೂತಿ, ಕೊರಳಲ್ಲಿ ಆ ಕರಡಿಗೆ ಇದ್ದವು. ಆ ಹಿರಿಯರು ಬೆಚ್ಚಿದರು. ಹದಿನೈದು ದಿನ ನಾನು ಹುಡುಕಿದ ಬೆಚ್ಚು ಅದೇ. ಬೆನ್ನು ಮೊದಲು ಕುಗ್ಗಿತು, ಆಮೇಲೆ ಕಣ್ಣು ನೆಲ ನೋಡಿತು. ಕೈಗಳು ಏನು ಮಾಡಬೇಕೆಂದರಿಯದೆ ಮುಗಿದಲ್ಲಿಯೇ ನಿಂತವು.

ಅಂದು ಶರಣಾರ್ಥಿ ಹೇಳಿದವರು ಯಾರು? ನಾನೋ, ಪಾತ್ರವೋ? ಆ ರಾತ್ರಿ ಇದನ್ನು ಯೋಚಿಸುತ್ತ, ಬಹಳ ಸಂತೋಷದಿಂದ ಮಲಗಿದೆನು. ಅಭಿನಯವು ಮನುಷ್ಯನನ್ನು ತಿದ್ದುತ್ತದೆ, ಆಡಿದ ನುಡಿ ನಾಲಗೆಯಿಂದ ಎದೆಗೆ ಇಳಿಯುತ್ತದೆ ಎಂದು ದೊಡ್ಡಪ್ಪನವರಿಗೆ ಹೇಳಬೇಕೆಂದುಕೊಂಡೆ.

ಬೆಳಗ್ಗೆ ಅದೇ ಹಿರಿಯರು ನಮ್ಮ ಅಂಗಳಕ್ಕೆ ಬಂದರು. ನಾಟಕ ಚೆನ್ನಾಗಿತ್ತೆಂದು ಹೇಳಲು ಬಂದಿದ್ದರು. ಬಿಸಿಲಾಗಿತ್ತು, ನೀರು ಕೇಳಿದರು. ಅಜ್ಜಿಯು ಒಳಗಿನಿಂದಲೇ, "ಮುದುಕ ಬಂದಾನ, ನೀರ ಹಾಕು ತಮ್ಮಾ" ಎಂದಳು. ಹಾಕು ಎಂಬ ಪದದ ಅರ್ಥ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನಾನು ತಂಬಿಗೆ ತಂದು, ಮೇಲಿನಿಂದ, ಅವರ ಬೊಗಸೆಗೆ ನೀರು ಹೊಯ್ದೆನು. ಅವರು ಕುಡಿದು ಹೋದರು. ತಂಬಿಗೆಯನ್ನು ಒಳಗಿಟ್ಟು ನಾನು ಉಪಾಹಾರಕ್ಕೆ ಕುಳಿತೆನು. ಎರಡನೆಯ ತುತ್ತಿಗೆ ಕೈ ನಿಂತಿತು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಈ ಲೇಖನದಲ್ಲಿ ನಾನು ಆ ಹಿರಿಯರನ್ನು ಬಹುವಚನದಲ್ಲಿ ಕರೆಯುತ್ತಿದ್ದೇನೆ. ಊರಿನಲ್ಲಿ ಹಾಗೆ ಕರೆದವನಲ್ಲ. ಬರವಣಿಗೆಯೂ ಒಂದು ರಂಗವೇ. ಇಲ್ಲಿಯೂ ಒಳ್ಳೆಯ ವೇಷ ತೊಡುವುದು ಸುಲಭ.

ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿಯು 1950ರಿಂದಲೇ ನಿಷೇಧಿಸಿದೆ. ಅದಕ್ಕೆ ಎಂಟು ಶತಮಾನ ಮೊದಲೇ ಕಲ್ಯಾಣದಲ್ಲಿ ಮಧುವರಸನ ಮಗಳು ಹರಳಯ್ಯನ ಮನೆಯ ಸೊಸೆಯಾದಳು. ಅದಕ್ಕಾಗಿ ತಂದೆಯರಿಬ್ಬರೂ ಪ್ರಾಣ ತೆತ್ತರು. ಇವೆರಡನ್ನೂ ಬಲ್ಲವನ ಕೈ, ಹಿಂದಿನ ರಾತ್ರಿ ಹರಳಯ್ಯನ ಕೈಯಾಗಿದ್ದ ಕೈ, ಬೆಳಗಾಗುವಷ್ಟರಲ್ಲಿ ತಂಬಿಗೆಯನ್ನು ಎಷ್ಟು ಎತ್ತರದಲ್ಲಿ ಹಿಡಿಯಬೇಕೆಂಬುದನ್ನು ಮರೆತಿರಲಿಲ್ಲ. ಅದನ್ನು ಯಾರೂ ತಾಲೀಮು ಮಾಡಿಸಿರಲಿಲ್ಲವೆನ್ನುವಂತಿಲ್ಲ. ಹುಟ್ಟಿದಂದಿನಿಂದ ಅದೇ ತಾಲೀಮು. ಎರಡು ತಿಂಗಳ ಪಾಠವು ಇಪ್ಪತ್ತೆರಡು ವರ್ಷಗಳ ಪಾಠದ ಮುಂದೆ ಸೋತದ್ದರಲ್ಲಿ ಆಶ್ಚರ್ಯವೇನು? ಹೀಗೆ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಸಮಾಧಾನದಿಂದ ಬೊಗಸೆ ತಂಬಿಗೆಯಾಗುವುದಿಲ್ಲ.

ಬಹುರೂಪಿಯ ವೇಷದಲ್ಲಿ ಮೋಸ ಹೋದವರು ಯಾರೂ ಇಲ್ಲವೆಂದು ಮೊದಲಿಗೆ ಬರೆದೆ. ನನ್ನ ವೇಷದಲ್ಲಿ ಇಬ್ಬರು ಮೋಸಹೋದರು. ಅವರಲ್ಲಿ ಆ ಹಿರಿಯರು ಒಬ್ಬರು, ನಾನು ಇನ್ನೊಬ್ಬ. ಚೌಡಯ್ಯನವರು ರೂಪಗಳನ್ನು ಕಳಚಿದ ಮೇಲೆ ಉಳಿಯುತ್ತಿದ್ದವನು ಶರಣ. ನಾನು ಹರಳಯ್ಯನನ್ನು ಕಳಚಿದ ಮೇಲೆ ಉಳಿದವನು ಯಾರೆಂದು ಅಂಗಳದಲ್ಲಿ ತಿಳಿಯಿತು. ಆದುದರಿಂದ ವೇಷ ಹಾಕಬಹುದೇ ಎಂದು ದೊಡ್ಡಪ್ಪನವರು ಕೇಳಿದ ಪ್ರಶ್ನೆಗಿಂತ, ಯಾವುದು ವೇಷವೆಂದು ಕೇಳುವುದೇ ಕಠಿಣವಾದುದು. ರಂಗದ ಮೇಲೆ ಬೆವರಿ ಕಲಿತದ್ದು ವೇಷವೋ, ಅಂಗಳದಲ್ಲಿ ಬೆವರದೆ ಮಾಡಿದ್ದು ವೇಷವೋ?

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತಲೂ ಹೆಚ್ಚಾಗಿ ಕಾಡುತ್ತದೆ. ಮುಂದಿನ ವರ್ಷ ಅದೇ ನಾಟಕವನ್ನು ಮತ್ತೆ ಎತ್ತಿಕೊಂಡಾಗ ಮೊದಲನೆಯ ದೃಶ್ಯದಲ್ಲಿ ನಾನು ಬೆಚ್ಚಿದೆನು. ಬೆನ್ನು ಮೊದಲು, ಕಣ್ಣು ಆಮೇಲೆ. ನಿರ್ದೇಶಕರು ತಾಲೀಮನ್ನು ನಿಲ್ಲಿಸಿ, "ಈಗ ಬಂತು ನೋಡು. ಎಲ್ಲಿಂದ ತಂದೆ?" ಎಂದು ಕೇಳಿದರು. ಗೆಳೆಯರು ಚಪ್ಪಾಳೆ ತಟ್ಟಿದರು. ನಾನು ಉತ್ತರ ಹೇಳಲಿಲ್ಲ. ಒಬ್ಬರಿಗೆ ಕೊಡದ ಗೌರವದಿಂದಲೇ ನನ್ನ ಕಲೆ ಮಾಗಿತೆಂದು ಹೇಗೆ ಹೇಳಲಿ? ತೊಡೆಯ ಚರ್ಮವನ್ನು ಕೊಟ್ಟ ಶರಣನ ಪಾತ್ರಕ್ಕಾಗಿ ನಾನು ಇನ್ನೊಬ್ಬರ ಬೆನ್ನಿನ ಚರ್ಮವನ್ನು ತೆಗೆದಂತಾಯಿತಲ್ಲವೇ? ಇದಕ್ಕೆ ಭರತನಲ್ಲಿಯೂ ಉತ್ತರ ಸಿಕ್ಕಲಿಲ್ಲ, ಸ್ತಾನಿಸ್ಲಾವ್‌ಸ್ಕಿಯಲ್ಲಿಯೂ ಸಿಕ್ಕಲಿಲ್ಲ. ಪಾತ್ರವನ್ನು ಬಿಟ್ಟುಬಿಡಲೇ ಎಂದು ಯೋಚಿಸಿದ್ದುಂಟು. ಬಿಟ್ಟರೆ ಆ ಹಿರಿಯರಿಗೆ ದೊರೆಯುವುದಾದರೂ ಏನು?

ಈ ಸಲ ರಜೆಗೆ ಊರಿಗೆ ಹೋದಾಗ ಅವರು ಎಂದಿನಂತೆ ಅಂಗಳಕ್ಕೆ ಬಂದರು. ನಾನು ಒಳಗೆ ಹೋಗಿ ಲೋಟದಲ್ಲಿ ನೀರು ತಂದು ಅವರ ಮುಂದೆ ಹಿಡಿದೆನು. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಏನೂ ಅನ್ನಲಿಲ್ಲ. ಅವರು ಲೋಟವನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಆಮೇಲೆ, "ಇದು ಆಟದಾಗಿಂದೇನ್ರಿ ಯಪ್ಪಾ?" ಎಂದು ನಗುತ್ತ ಕೇಳಿ, ಮೊದಲಿನಂತೆಯೇ ಬಾಗಿ ಬೊಗಸೆಯೊಡ್ಡಿ ನಿಂತರು. ನಾನು ಲೋಟವನ್ನು ಹಿಡಿದೇ ಇದ್ದೆನು.