ಐವತ್ತರ ನೋಟಿನ ಹಂಪಿ

2017ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಹೊಳೆವ ನೀಲಿ ಬಣ್ಣದ ಹೊಸ ಐವತ್ತು ರೂಪಾಯಿ ನೋಟನ್ನು ಪ್ರಕಟಿಸಿತು. ಹಳೆಯ ನೋಟಿನ ಹಿಂಬದಿಯಲ್ಲಿ ಸಂಸತ್ ಭವನವಿತ್ತು; ಆ ಜಾಗಕ್ಕೆ ಹಂಪಿಯ ಕಲ್ಲಿನ ರಥ ಬಂತು. ಕನ್ನಡಿಗರು ಹೆಮ್ಮೆಪಟ್ಟರು, ಪಡಬೇಕಾದ್ದೇ. ಆದರೆ ಹಂಪಿಯ ದೊಡ್ಡ ಗುಡಿಗಳ ಪೈಕಿ ಇವತ್ತಿಗೂ ದಿನನಿತ್ಯ ಪೂಜೆ ನಡೆಯುವುದು ವಿರೂಪಾಕ್ಷನ ಗುಡಿಯಲ್ಲಿ. ನೋಟಿಗೆ ಏರಿದ್ದು ರಥ ನಿಂತಿರುವ, ಗರ್ಭಗುಡಿ ಬರಿದಾಗಿರುವ ವಿಜಯವಿಠ್ಠಲನ ಗುಡಿಯ ಅಂಗಳ.

ದೇವರಿರುವ ಗುಡಿಯನ್ನು ಬಿಟ್ಟು ದೇಶವೊಂದು ದೇವರಿಲ್ಲದ ಗುಡಿಯನ್ನು ತನ್ನ ಗುರುತಾಗಿ ಆರಿಸಿಕೊಳ್ಳುವುದೇಕೆ? ಪೂಜೆ ನಿಂತ ಕಲ್ಲಿಗೆ ಯಾರ ಹಕ್ಕೂ ಇಲ್ಲ, ಹಾಗಾಗಿ ಅದು ಎಲ್ಲರದೂ ಆಗಬಲ್ಲದು ಎನ್ನುವುದು ಸುಲಭದ ಉತ್ತರ. ಅದರ ಬೆನ್ನಿಗೇ ಧರ್ಮದ ಹಳೆಯ ಪ್ರಶ್ನೆಯೊಂದು ನಿಂತಿದೆ: ಪಾವಿತ್ರ್ಯ ಇರುವುದು ಕಲ್ಲಿನಲ್ಲೋ, ಅದರ ಮುಂದೆ ಕೈಮುಗಿದು ನಿಲ್ಲುವವರಲ್ಲೋ?

ಹಂಪಿಯನ್ನು ಜನರಿಲ್ಲದ ಊರಾಗಿ ನೋಡುವುದನ್ನು ಕಲಿಸಿದ್ದರಲ್ಲಿ ಕ್ಯಾಮೆರಾದ ಪಾಲು ದೊಡ್ಡದು. 1856ರಲ್ಲಿ, ಸಿಪಾಯಿ ದಂಗೆಗೆ ಒಂದು ವರ್ಷ ಮೊದಲು, ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಚಿತ್ರ ತೆಗೆದ. ಅಂಥ ಕಾಗದಕ್ಕೆ ಬೆಳಕು ಹಿಡಿಯಲು ನಿಮಿಷಗಟ್ಟಲೆ ಬೇಕು. ಗೋಪುರ ಅಲ್ಲಾಡುವುದಿಲ್ಲ, ಅದು ಸ್ಪಷ್ಟವಾಗಿ ಮೂಡುತ್ತದೆ. ಕೊಡ ಹೊತ್ತು ಎದುರು ಹಾದುಹೋದವಳು ಮೂಡುವುದಿಲ್ಲ. ತಂತ್ರದ ಈ ಮಿತಿ ಆಳುವವರಿಗೆ ಅನುಕೂಲಕರ ಚಿತ್ರವನ್ನೇ ಕೊಟ್ಟಿತು: ಹಾಳುಬಿದ್ದ ಸಾಮ್ರಾಜ್ಯ, ವಾರಸುದಾರರಿಲ್ಲದ ಬಯಲು. ಅದೇ ಕಾಲದಲ್ಲಿ ಬಿಗ್ಸ್, ಪಿಗೌ ಮುಂತಾದ ಛಾಯಾಗ್ರಾಹಕರು ಬಿಜಾಪುರ, ಧಾರವಾಡ, ಮೈಸೂರು ಸೀಮೆಗಳ ಕಟ್ಟಡಗಳ ಚಿತ್ರ ತೆಗೆದಿದ್ದರು. ಕಂಪನಿ ಸರ್ಕಾರಕ್ಕೆ ಇವೂ ಕಂದಾಯದ ನಕ್ಷೆಯಂತೆ ನಾಡನ್ನು ಕಡತಕ್ಕೆ ಏರಿಸುವ ಕೆಲಸವೇ.

ಗ್ರೀನ್‌ಲಾನ ಚಿತ್ರಗಳಲ್ಲಿ ಕಲ್ಲಿನ ರಥವೂ ಇದೆ. ಅದರ ತಲೆಯ ಮೇಲೆ ಇಟ್ಟಿಗೆ-ಗಾರೆಯ ಗೋಪುರವೊಂದು ಕಾಣುತ್ತದೆ. ಮುಂದೆ ಅದು ಇಲ್ಲವಾಯಿತು. ಈಗ ರಥವನ್ನು ಎಳೆಯುವಂತೆ ನಿಂತಿರುವ ಆನೆಗಳೂ ಮೂಲದವಲ್ಲ. ಅವುಗಳ ಹಿಂದೆ ಬಗ್ಗಿ ನೋಡಿದರೆ, ಮೊದಲು ಅಲ್ಲಿದ್ದ ಕುದುರೆಗಳ ಬಾಲ, ಹಿಂಗಾಲುಗಳ ಗುರುತು ಕಲ್ಲಿನಲ್ಲಿ ಉಳಿದಿದೆ. ಹದಿನಾರನೇ ಶತಮಾನದ ವೈಭವವೆಂದು ನೋಟಿನ ಮೇಲೆ ಅಚ್ಚಾಗಿರುವುದು ಅಸಲಿಗೆ ಅದಾದ ಎಷ್ಟೋ ಕಾಲದ ಮೇಲೆ, ಮುರಿದು ಜೋಡಿಸಿ ಉಳಿದ ರೂಪ.

ವಿರೂಪಾಕ್ಷನ ಗುಡಿಯೊಳಗೂ ಒಂದು ಕ್ಯಾಮೆರಾ ಇದೆ. ಗರ್ಭಗುಡಿಯ ಹಿಂದಿನ ಕತ್ತಲ ಕೋಣೆಯ ಕಿಂಡಿಯಿಂದ ನುಸುಳುವ ಬೆಳಕು ಎದುರಿನ ಗೋಡೆಯ ಮೇಲೆ ಒಂಬತ್ತು ನೆಲೆಯ ರಾಯಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಮಕ್ಕಳು ಅದಕ್ಕೆ ಕೈ ಅಡ್ಡ ಹಿಡಿದು ನಗುತ್ತಾರೆ. ಗೋಡೆ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಬೆಳಕು ಸರಿದರೆ ಗೋಪುರವೂ ಹೋಯಿತು. ಅದನ್ನು ಯಾರೂ ಕಡತಕ್ಕೆ ಸೇರಿಸಲಾರರು, ನೋಟಿಗೆ ಅಚ್ಚು ಹಾಕಲಾರರು.

ಪಾವಿತ್ರ್ಯದ ಪ್ರಶ್ನೆಗೆ ಹಂಪಿಯಲ್ಲೇ ಒಂದು ಉತ್ತರ ಅಕ್ಕಪಕ್ಕ ನಿಂತಿದೆ. ಕೃಷ್ಣದೇವರಾಯ 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆಸಿದ ನರಸಿಂಹನ ಎತ್ತರ 6.7 ಮೀಟರ್. ಕೈಗಳು ಮುರಿದಿವೆ, ತೊಡೆಯ ಮೇಲಿದ್ದ ಲಕ್ಷ್ಮಿ ಇಲ್ಲ. ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದೆಂಬುದು ಆಗಮದ ಕಟ್ಟಳೆ. ಬಂದವರೆಲ್ಲ ಫೋಟೊ ತೆಗೆಯುವುದು ಆ ನರಸಿಂಹನದೇ. ಕೂಗಳತೆಯಲ್ಲಿ, ಚಾವಣಿ ತೆರೆದ ಸಣ್ಣ ಗುಡಿಯೊಳಗೆ ಬಡವಿಲಿಂಗ. ಕಾಲುವೆಯ ನೀರು ಒಳಗೆ ಹರಿದು ಪೀಠ ಸದಾ ಮುಳುಗಿರುತ್ತದೆ. ಆ ನೀರಲ್ಲೇ ನಿಂತು ಅರ್ಚಕರು ವಿಭೂತಿ ಹಚ್ಚಿ ಹೂವಿಡುತ್ತ ಬಂದಿದ್ದಾರೆ. ಒಂದಕ್ಕೆ ಕ್ಯಾಮೆರಾ, ಇನ್ನೊಂದಕ್ಕೆ ಹೂವು. ರಾಯನ ಹೆಸರಿನ ಭಾರ ನರಸಿಂಹನ ಮೇಲೆ ಬಿದ್ದರೆ, ಬಡವಿಲಿಂಗಕ್ಕೆ ಒಬ್ಬ ಬಡ ಹೆಂಗಸು ಅದನ್ನು ಮಾಡಿಸಿದಳೆಂಬ ಕಥೆಯೇ ಸಾಕಾಗಿದೆ.

ಹಂಪಿಯ ಸುತ್ತಲಿನವರ ನೆನಪು ವಿಜಯನಗರಕ್ಕೇ ನಿಲ್ಲುವುದಿಲ್ಲ, ರಾಮಾಯಣದವರೆಗೂ ಹೋಗುತ್ತದೆ. ಹೊಳೆಯಾಚೆಯ ಆನೆಗೊಂದಿಯ ಬಳಿ ಅಂಜನಾದ್ರಿಯಿದೆ, ನಿಂಬಾಪುರದಲ್ಲಿ ವಾಲಿಯನ್ನು ಸುಟ್ಟ ಬೂದಿಯೆಂದು ತೋರಿಸುವ ದಿಬ್ಬವಿದೆ. ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟಲ್ಲಿ ಇಂಥ ದಿಬ್ಬಗಳು ಆದವೆಂದು ಪುರಾತತ್ವಜ್ಞರು ಹೇಳುತ್ತಾರೆ. ದಿಬ್ಬ ಒಂದೇ, ನೆನಪು ಎರಡು. ಎರಡನ್ನೂ ಫೋಟೊದ ಚೌಕಟ್ಟಿನೊಳಗೆ ಕೂರಿಸುವುದು ಕಷ್ಟ. ರಥವಾದರೋ ಸಲೀಸಾಗಿ ಕೂರುತ್ತದೆ.

ಅಧಿಕಾರ ತನಗೆ ಬೇಕಾದ ನೆನಪನ್ನು ಆರಿಸುವುದು ಇಂಥಲ್ಲೇ. ವಿಜಯನಗರ ದಖ್ಖನಿನ ಸುಲ್ತಾನರಿಗೆ ಸೋತ 1565ರ ಯುದ್ಧದ ನಂತರದ ಲೂಟಿಯನ್ನು ಹಂಪಿಯ ಚಿತ್ರಗಳು ಸಾಕ್ಷಿಯಂತೆ ಹೊತ್ತು ತಿರುಗುತ್ತವೆ. ಹಿಂದೂ-ಮುಸ್ಲಿಂ ಕಾಳಗದ ಕಥೆಗೆ ಮುರಿದ ಮೂರ್ತಿಗಿಂತ ಬೇರೆ ಚಿತ್ರ ಬೇಕಾಗುವುದಿಲ್ಲ. ಅದೇ ಊರಲ್ಲಿ 1439ರಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ ತನ್ನ ದೊರೆ ಇಮ್ಮಡಿ ದೇವರಾಯನ ಪುಣ್ಯಕ್ಕೆಂದು ಕಟ್ಟಿಸಿದ ಧರ್ಮಶಾಲೆ ಇದೆ. ಅದನ್ನು ಸಾರುವ ಶಾಸನವೂ ಇದೆ. ಗುಡಿಯ ಮಂಟಪದಂತೆಯೇ ಕಾಣುವ ಆ ಸಾದಾ ಕಂಬಗಳ ಕಟ್ಟಡವನ್ನು ಇತಿಹಾಸಕಾರರು ಮಸೀದಿಯೆಂದು ಗುರುತಿಸಿದ್ದಾರೆ. ಪ್ರವಾಸೋದ್ಯಮದ ಕ್ಯಾಲೆಂಡರಿನಲ್ಲಿ ಅದು ಸಿಗುವುದು ಅಪರೂಪ.

1986ರಲ್ಲಿ ಹಂಪಿ ವಿಶ್ವಪರಂಪರೆಯ ಪಟ್ಟಿ ಸೇರಿತು. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ, ಖಾನಾವಳಿ ಮಾಡಿಕೊಂಡಿದ್ದವರನ್ನು ತೆರವುಗೊಳಿಸಲಾಯಿತು. ಕಲ್ಲುಕಂಬಗಳ ನಡುವೆ ಇಟ್ಟಿಗೆ ಗೋಡೆ ಎದ್ದು, ಸ್ಮಾರಕಕ್ಕೆ ಹಾನಿಯಾಗಿದ್ದು ಸುಳ್ಳಲ್ಲ. ಆದರೆ ಬಜಾರು ಎಂದರೆ ವ್ಯಾಪಾರ ನಡೆಯುವ ಬೀದಿ. ವಿಜಯನಗರದ ಕಾಲದಲ್ಲೂ ಅದು ಇದ್ದದ್ದು ಅದಕ್ಕೇ. ಪುನರ್ವಸತಿಗೆ ಕಡ್ಡಿರಾಂಪುರದಲ್ಲಿ ಜಾಗ ಗುರುತಾಯಿತು. ಗ್ರೀನ್‌ಲಾನ ಕಾಗದದ ಮೇಲೆ ಜನ ಮೂಡದೇ ಹೋಗಿದ್ದು ಬೆಳಕಿನ ಮಿತಿಯಿಂದ. ಇಲ್ಲಿ ಬೀದಿ ಖಾಲಿಯಾದದ್ದು ಸರ್ಕಾರದ ಆದೇಶದಿಂದ.

ಕ್ಯಾಮೆರಾವನ್ನು ಬರೀ ಬೈದು ಮುಗಿಸುವಂತಿಲ್ಲ. ಗ್ರೀನ್‌ಲಾನ ನೆಗೆಟಿವ್‌ಗಳು ಬಹುಕಾಲ ಖಾಸಗಿ ಸಂಗ್ರಹದಲ್ಲಿದ್ದು ಬೆಳಕಿಗೆ ಬಂದಮೇಲೆ, 1980ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ ನಿಂತು ಮತ್ತೆ ಚಿತ್ರ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಏನು ಕುಸಿಯಿತು, ಏನನ್ನು ಹೊಸದಾಗಿ ಜೋಡಿಸಿದರು ಎಂಬುದು ತಿಳಿಯುವುದು. ರಥದ ಮೇಲೆ ಗೋಪುರವಿತ್ತೆಂದು ಇವತ್ತು ಹೇಳಲು ಒಂದು ಆಧಾರ ಗ್ರೀನ್‌ಲಾನ ಚಿತ್ರವೇ.

ಮೂರನೆಯವರೊಬ್ಬರು ಈಗ ಅದೇ ಜಾಗದಲ್ಲಿ ಟ್ರೈಪಾಡ್ ಊರಿದರೆ ಕಲ್ಲು ಮೊದಲಿಗಿಂತ ಅಚ್ಚುಕಟ್ಟಾಗಿ ಕಾಣುತ್ತದೆ. ರಥದ ಸುತ್ತ ತಡೆಬೇಲಿ, ವಿಠ್ಠಲನ ಗುಡಿಗೆ ಬ್ಯಾಟರಿ ವಾಹನ. ಬಜಾರಿನಲ್ಲಿ ಹುಟ್ಟಿ ಬೆಳೆದವರ ಚಿತ್ರ ಬೇಕಿದ್ದರೆ ಟ್ರೈಪಾಡ್ ಎತ್ತಿಕೊಂಡು ಕಡ್ಡಿರಾಂಪುರದ ಕಡೆ ಹೋಗಬೇಕು. ಚೈತ್ರದ ಜಾತ್ರೆಗೆ ವಿರೂಪಾಕ್ಷನ ಮರದ ತೇರು ಅದೇ ಬೀದಿಯಲ್ಲಿ ಸಾಗುವಾಗ ಸುತ್ತಲ ಊರಿನವರು ಬಂದು ಹಗ್ಗ ಹಿಡಿಯುತ್ತಾರೆ. ಪರಂಪರೆಯ ಯೋಜನೆ ಬರೆಯುವವರು ಅವರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ, ಬಂದುಹೋಗುವವರ ಲೆಕ್ಕಕ್ಕೋ, ವಾರಸುದಾರರ ಲೆಕ್ಕಕ್ಕೋ?