ದರ್ಪಣದ ಮುಂದಿನ ಉಪವಾಸ

ಲಂಘನ ಬೇರೆ, ಉಪವಾಸ ಬೇರೆ ಎಂಬ ವಿವೇಚನೆಯು ಶ್ರಾವಕಾಚಾರದ ಪಾಠ ಕೇಳಿದ ಮನೆಗಳಲ್ಲಿ ಹೊಸದಲ್ಲ. ಜ್ವರಪೀಡಿತನು ವೈದ್ಯನ ಮಾತಿನಂತೆ ಅನ್ನ ಬಿಡುತ್ತಾನೆ. ಮುನಿಸಿಕೊಂಡವನು ಹಟದಿಂದ ಬಿಡುತ್ತಾನೆ. ಪರ್ವದಿನದಲ್ಲಿ ಶ್ರಾವಕನೂ ಬಿಡುತ್ತಾನೆ. ಮೂವರ ಹೊಟ್ಟೆಯೂ ಸಮಾನವಾಗಿ ಬರಿದು. ಆದರೂ ಮೂರನ್ನು ಒಂದೇ ಹೆಸರಿನಿಂದ ಕರೆಯಲು ಪ್ರಾಜ್ಞರು ಒಪ್ಪುವುದಿಲ್ಲ. ಈಗ ಈ ಪಂಕ್ತಿಗೆ ನಾಲ್ಕನೆಯವನೊಬ್ಬನು ಬಂದು ಸೇರಿದ್ದಾನೆ. ತನ್ನ ದವಡೆಯ ಅಂಚು ಚಿತ್ರದಲ್ಲಿ ಎದ್ದು ಕಾಣಲೆಂದು ಅನ್ನ ಬಿಡುವ ತರುಣನು ಅವನು. ಅವನನ್ನು ಎಲ್ಲಿ ಕೂರಿಸಬೇಕೆಂಬುದು ಸುಲಭವಾಗಿ ತೀರುವ ಪ್ರಶ್ನೆಯಲ್ಲ.

ಪಾಶ್ಚಾತ್ಯ ದೇಶಗಳ ಅಂತರ್ಜಾಲಕೂಟಗಳಲ್ಲಿ ಕಳೆದ ದಶಕದಲ್ಲಿ ಬೆಳೆದು, 2023ರ ಸುಮಾರಿಗೆ ಟಿಕ್‌ಟಾಕ್ ಮೂಲಕ ಶಾಲಾಬಾಲಕರವರೆಗೂ ಹಬ್ಬಿದ ರೂಢಿಯೊಂದಕ್ಕೆ ಲುಕ್ಸ್‌ಮ್ಯಾಕ್ಸಿಂಗ್ ಎಂದು ಹೆಸರು. ರೂಪವನ್ನು ಅದರ ಪರಮಾವಧಿಗೆ ಒಯ್ಯುವುದು ಎಂದು ಅದರ ಅರ್ಥ. ಟಿಕ್‌ಟಾಕನ್ನು ಭಾರತ ಸರ್ಕಾರವು 2020ರಲ್ಲಿಯೇ ನಿಷೇಧಿಸಿದ್ದರೂ ಇನ್‌ಸ್ಟಾಗ್ರಾಮ್, ಯೂಟ್ಯೂಬುಗಳ ದಾರಿಯಿಂದ ಅದು ಇಲ್ಲಿಯ ಮನೆಗಳಿಗೂ ಬಂದಿದೆ. ಸ್ನಾನ, ಕ್ಷೌರ, ವ್ಯಾಯಾಮ, ಹೊತ್ತಿಗೆ ಸರಿಯಾದ ನಿದ್ರೆ ಇವು ಅದರ ಸೌಮ್ಯ ಭಾಗ. ಇವುಗಳಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ನಾಲಗೆಯನ್ನು ಸದಾ ಅಂಗುಳಿಗೆ ಒತ್ತಿ ಹಿಡಿದು ದವಡೆಯನ್ನು ತಿದ್ದಿಕೊಳ್ಳುವ ಅಭ್ಯಾಸವೊಂದಿದೆ. ಬ್ರಿಟಿಷ್ ದಂತವೈದ್ಯ ಜಾನ್ ಮ್ಯೂ ಅವರ ಹೆಸರಿನಿಂದ ಅದನ್ನು ಮ್ಯೂಯಿಂಗ್ ಎನ್ನುತ್ತಾರೆ. ಬೆಳವಣಿಗೆ ಮುಗಿದವನ ಎಲುಬು ನಾಲಗೆಯ ಒತ್ತಡದಿಂದ ಹೊಸ ಆಕಾರ ತಾಳುತ್ತದೆಂಬುದಕ್ಕೆ ಪ್ರಮಾಣವಿಲ್ಲ. ಇನ್ನೂ ಮುಂದೆ ಹೋಗಿ, ಕೆನ್ನೆಯ ಎಲುಬನ್ನು ಸುತ್ತಿಗೆಯಿಂದ ಬಡಿದುಕೊಂಡರೆ ಅದು ಗಟ್ಟಿಯಾಗಿ ಉಬ್ಬುತ್ತದೆಂಬ ಉಪದೇಶವೂ ಹರಿದಾಡಿತು. ಎಲುಬು ತಾನು ಹೊರುವ ಭಾರಕ್ಕೆ ತಕ್ಕಂತೆ ಮಾರ್ಪಡುತ್ತದೆಂದು 19ನೆಯ ಶತಮಾನದ ಜರ್ಮನ್ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ ಹೇಳಿದ್ದನ್ನು ತಪ್ಪಾಗಿ ಓದಿದ್ದರ ಫಲವಿದು. ಭಾರ ಬೇರೆ, ಪೆಟ್ಟು ಬೇರೆ. ಪೆಟ್ಟಿನಿಂದ ಎಲುಬು ಮುರಿಯುತ್ತದೆ.

ಇದನ್ನು ಓದಿ ನಗುವುದು ಸುಲಭ. ಆದರೆ ಕಣ್ಣಿನ ಹೊರತುದಿಯು ಒಳತುದಿಗಿಂತ ಎಷ್ಟು ಮೇಲಿದೆ, ದವಡೆ ಎಷ್ಟು ಅಂಶ ಬಾಗಿದೆ ಎಂದು ಅಳೆದುಕೊಂಡು, ಮುಖ ಕಾಣದ ಅಪರಿಚಿತರಿಂದ ಹತ್ತಕ್ಕೆ ಇಷ್ಟು ಎಂದು ಅಂಕ ಪಡೆಯುವ ಹದಿನಾರರ ಬಾಲಕನು ನಗುತ್ತಿಲ್ಲ. ನಾಲ್ಕು ಅಂಕ ಬಂದವನು ತನ್ನ ಬಾಳಿಗೇ ನಾಲ್ಕು ಅಂಕ ಬಂದಿತೆಂದು ತಿಳಿಯುತ್ತಾನೆ. ಈ ಅಳತೆಗೋಲನ್ನು ಅವನಿಗೆ ಪರದೇಶದವರೇ ಕೊಟ್ಟರೆಂದು ಹೇಳುವಂತೆಯೂ ಇಲ್ಲ. ವಧೂವರಾನ್ವೇಷಣೆಯ ಅಂಕಣಗಳಲ್ಲಿ ಕನ್ಯೆಯ ಬಣ್ಣವನ್ನೂ ಎತ್ತರವನ್ನೂ ವಿದ್ಯೆಗಿಂತ ಮೊದಲು ಅಚ್ಚು ಹಾಕಿಸಿದವರು ಯಾರು? 2005ರಲ್ಲಿ ಇಮಾಮಿ ಸಂಸ್ಥೆಯು ಗಂಡಸರಿಗಾಗಿಯೇ ‘ಫೇರ್ ಅಂಡ್ ಹ್ಯಾಂಡ್‌ಸಮ್’ ಎಂಬ ಲೇಪವನ್ನು ಮಾರುಕಟ್ಟೆಗೆ ತಂದಾಗ ಅದನ್ನು ಕೊಂಡವರು ಈ ದೇಶದವರೇ. ಹೆಣ್ಣುಮಕ್ಕಳನ್ನು ಬಹುಕಾಲ ನಿಲ್ಲಿಸಿದ ತಕ್ಕಡಿಯ ಮೇಲೆ ಈಗ ಗಂಡುಮಕ್ಕಳೂ ತಾವಾಗಿ ಏರುತ್ತಿದ್ದಾರೆ, ಅಷ್ಟೆ.

ಈ ತರುಣರಲ್ಲಿ ನಿಗ್ರಹವಿಲ್ಲವೆಂದು ದೂರುವವರು ವಿಷಯವನ್ನು ಸರಿಯಾಗಿ ನೋಡಿಲ್ಲ. ನಿಗ್ರಹವು ಬೆರಗಾಗುವಷ್ಟಿದೆ. ಆಂಗ್ಲ ನಟ ಹೆನ್ರಿ ಕ್ಯಾವಿಲ್ ಅಂಗಸೌಷ್ಠವ ತೋರಬೇಕಾದ ದೃಶ್ಯದ ಚಿತ್ರೀಕರಣಕ್ಕಾಗಿ ಮೊದಲ ದಿನ ಒಂದೂವರೆ ಲೀಟರು, ಎರಡನೆಯ ದಿನ ಅರ್ಧ ಲೀಟರು ನೀರು ಕುಡಿದು ಮೂರನೆಯ ದಿನ ನೀರನ್ನೇ ಬಿಟ್ಟುದನ್ನು 2019ರಲ್ಲಿ ಹೇಳಿಕೊಂಡರು. ಕೊನೆಯ ದಿನ ಹತ್ತಿರದಲ್ಲೆಲ್ಲೋ ಇರುವ ನೀರಿನ ವಾಸನೆಯೂ ಮೂಗಿಗೆ ಬಡಿಯುತ್ತದೆಂದು ಅವರ ಅನುಭವ. ನಿರ್ಜಲ ಉಪವಾಸ ಮಾಡಿದವರಿಗೆ ಆ ಮಾತು ಅರ್ಥವಾಗದೆ ಇರದು. ಚರ್ಮದ ಕೆಳಗಿನ ನೀರು ಇಂಗಿದರೆ ಸ್ನಾಯುಗಳ ಗೆರೆ ಎದ್ದು ಕಾಣುತ್ತದೆ. ಆ ಕಷ್ಟವೆಲ್ಲ ಅದಕ್ಕಾಗಿ. ನಟನಿಗೆ ಅದು ವೃತ್ತಿ, ಚಿತ್ರೀಕರಣ ಮುಗಿದೊಡನೆ ನೀರು ಕುಡಿಯಬಹುದು. ನೋಡಿದ ಬಾಲಕನಿಗೆ ಆ ಮುಗಿತಾಯವಿಲ್ಲ.

ಇದಕ್ಕಿಂತ ಹೆಚ್ಚಾಗಿ ವ್ರತವನ್ನು ಹೋಲುವುದು ಅಮೆರಿಕದ ಉದ್ಯಮಿ ಆಂಡಿ ಫ್ರಿಸೆಲ್ಲಾ 2019ರಲ್ಲಿ ಪ್ರಚುರಪಡಿಸಿದ ‘75 ಹಾರ್ಡ್’ ಎಂಬ ಕ್ರಮ. 75 ದಿನ ಮದ್ಯವಿಲ್ಲ, ಆಹಾರನಿಯಮ ತಪ್ಪುವಂತಿಲ್ಲ, ದಿನಕ್ಕೆ 45 ನಿಮಿಷಗಳ ವ್ಯಾಯಾಮ ಎರಡು ಬಾರಿ, ಅದರಲ್ಲೊಂದು ಬಯಲಿನಲ್ಲಿ, ನಿಗದಿಯಾದಷ್ಟು ನೀರು, ಹತ್ತು ಪುಟ ಓದು. ಒಂದು ತಪ್ಪಿದರೂ ಮತ್ತೆ ಮೊದಲನೆಯ ದಿನದಿಂದ ಆರಂಭ. ಇದು ದೇಹದಾರ್ಢ್ಯಕ್ಕಲ್ಲ, ಮನೋದಾರ್ಢ್ಯಕ್ಕೆ ಎಂದು ಪ್ರವರ್ತಕರ ಹೇಳಿಕೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ನಿಯಮಗಳ ಪಟ್ಟಿಯಲ್ಲಿ ಇನ್ನೊಂದಿದೆ: ಪ್ರತಿದಿನ ತನ್ನ ದೇಹದ ಚಿತ್ರವೊಂದನ್ನು ತೆಗೆದುಕೊಳ್ಳಬೇಕು. ಎಪ್ಪತ್ತು ದಿನ ಎಲ್ಲವನ್ನೂ ಪಾಲಿಸಿದವನು ಅಂದು ಚಿತ್ರ ತೆಗೆಯಲು ಮರೆತು ಮಲಗಿದರೆ, ನಿಯಮದ ಪ್ರಕಾರ ಆ ಎಪ್ಪತ್ತು ದಿನಗಳೂ ಲೆಕ್ಕಕ್ಕಿಲ್ಲ. ವ್ರತದಲ್ಲಿ ಅತಿಚಾರವಾದರೆ ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳುಂಟು. ಮಾಡಿದ್ದು ಸೊನ್ನೆಯಾಗಿ ಹೋಗುವುದಿಲ್ಲ. ಎಲ್ಲಿ ಸಾಕ್ಷಿಯಾಗಿ ಚಿತ್ರವೇ ಬೇಕೋ ಅಲ್ಲಿ ಮಾಡಿದವನ ಮನಸ್ಸು ಸಾಕ್ಷಿಯಾಗಲಾರದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ವ್ರತಿಯ ಲಕ್ಷಣವಾಗಿ ಶಲ್ಯವಿಲ್ಲದಿರುವುದನ್ನು ಹೇಳುತ್ತದೆ. ಮಾಯೆ, ಮಿಥ್ಯಾತ್ವ, ನಿದಾನ ಎಂದು ಶಲ್ಯಗಳು ಮೂರು. ಶಲ್ಯವೆಂದರೆ ಒಳಗೆ ಮುರಿದು ಉಳಿದ ಮುಳ್ಳು. ನಿದಾನವೆಂದರೆ ತಪಸ್ಸಿಗೆ ಪ್ರತಿಯಾಗಿ ಭೋಗವನ್ನು ಬಯಸುವುದು. ಸುರೂಪದ ಬಯಕೆಯೂ ಅದರೊಳಗೇ ಬರುತ್ತದೆ. ಈ ವಿಚಾರವನ್ನು ಮುಂದಿನ ಜನ್ಮದ ಮಾತೆಂದು ತಿಳಿದು ಬಿಟ್ಟುಬಿಡುವುದುಂಟು. ದವಡೆಗಾಗಿ ಉಪವಾಸವಿರುವವನಲ್ಲಿ ಅದು ಇದೇ ಜನ್ಮದ, ಇದೇ ತಿಂಗಳ ಮಾತು. ಮುಳ್ಳು ಮುರಿದ ಕಾಲಿನಿಂದಲೂ ನಡೆಯಬಹುದು, ಬಹುದೂರವೂ ನಡೆಯಬಹುದು. ಪ್ರತಿ ಹೆಜ್ಜೆಗೂ ಅದು ಆಳಕ್ಕಿಳಿಯುತ್ತದೆ. ಹೆಚ್ಚು ಉಪವಾಸ ಮಾಡಿದಷ್ಟೂ ತನ್ನ ಮುಖದ ಮೇಲಿನ ಅಸಹನೆ ಹೆಚ್ಚುವುದಕ್ಕೆ ಕಾರಣ ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

ಸಮಾಜದ ಹಿರಿಯರೂ ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾಗಿದೆ. 2016ರಲ್ಲಿ ಜಪಾನಿನ ಯೋಷಿನೋರಿ ಓಸುಮಿ ಅವರಿಗೆ ನೊಬೆಲ್ ಪಾರಿತೋಷಕ ದೊರೆತಾಗ, ಉಪವಾಸಕ್ಕೇ ನೊಬೆಲ್ ಬಂದಿತೆಂದು ಹಿಗ್ಗಿದವರು ಕಡಮೆಯಲ್ಲ. ಅವರು ಶೋಧಿಸಿದ್ದು ಜೀವಕೋಶವು ತನ್ನದೇ ಭಾಗಗಳನ್ನು ಒಡೆದು ಮರಳಿ ಬಳಸುವ ಕ್ರಮವನ್ನು, ಅದನ್ನೂ ಯೀಸ್ಟಿನಲ್ಲಿ. ಶೋಧ ದೊಡ್ಡದು, ಆದರೆ ಅನಶನವು ದೇಹಶುದ್ಧಿಯ ಉಪಾಯವೆಂದು ವೇದಿಕೆಯಿಂದ ಸಾರಿದ ಮೇಲೆ, ಅದೇ ಅನಶನವನ್ನು ಮುಖಶುದ್ಧಿಗೆ ಬಳಸುವ ಬಾಲಕನನ್ನು ಯಾವ ಬಾಯಿಂದ ಗದರಿಸುವುದು?

ರೂಪದ ವಿಷಯದಲ್ಲಿ ಪರಂಪರೆಯು ಮೌನವಾಗಿಲ್ಲ. ವಡ್ಡಾರಾಧನೆಯಲ್ಲಿ ಸನತ್ಕುಮಾರ ಚಕ್ರವರ್ತಿಯ ಕಥೆಯುಂಟು. ಅವನ ರೂಪದ ಕೀರ್ತಿ ಕೇಳಿ ನೋಡಬಂದ ದೇವತೆಗಳು ಅಲಂಕಾರವಿಲ್ಲದ ಹೊತ್ತಿನಲ್ಲಿ ಕಂಡು ಬೆರಗಾದರು. ಅವನು ಸಿಂಗರಿಸಿಕೊಂಡು ಸಭೆಯಲ್ಲಿ ಕುಳಿತಾಗ, ಆಗಲೇ ರೂಪ ಕುಂದಿತೆಂದರು. ತುಂಬಿದ ಕೊಡದಿಂದ ಒಂದು ಹನಿ ತೆಗೆದು, ಕೊರತೆ ಸಭೆಯ ಕಣ್ಣಿಗೆ ಕಾಣದಿದ್ದರೂ ಆಗಿಯೇ ಇದೆಯೆಂದು ಅವರು ತೋರಿಸಿದರೆಂದು ಈ ಕಥೆಯ ಕೆಲವು ಪಾಠಗಳು ಹೇಳುತ್ತವೆ. ಚಕ್ರವರ್ತಿಯು ಆ ಹನಿಯನ್ನು ಮರಳಿ ತುಂಬಲು ಹೊರಡಲಿಲ್ಲ. ಮುಂದೆ ಮುನಿಯಾಗಿ ರೋಗಗ್ರಸ್ತನಾದಾಗಲೂ, ವೈದ್ಯವೇಷದಿಂದ ಬಂದ ದೇವನನ್ನು ಭವರೋಗಕ್ಕೆ ಮದ್ದುಂಟೇ ಎಂದು ಕೇಳಿದನು. ಗಮನಿಸಬೇಕಾದ ಅಂಶವೆಂದರೆ, ಕಥೆಯು ಅವನನ್ನು ಕುರೂಪಿಯಾಗಿಸಿ ನೀತಿ ಹೇಳುವುದಿಲ್ಲ. ರೂಪವಿದ್ದಿತೆಂದು ಮೊದಲು ಒಪ್ಪಿಕೊಳ್ಳುತ್ತದೆ.

ದಿನಕ್ಕೆ ಹದಿನಾರು ಗಂಟೆ ಏನನ್ನೂ ತಿನ್ನದ ಕ್ರಮವೂ ಈಗ ರೂಢಿಯಲ್ಲಿದೆ. ಅದನ್ನು ಹಿಡಿದ ಮಗನು ಸಂಜೆಯ ಬೆಳಕಿರುವಾಗಲೇ ಊಟ ಮುಗಿಸಿ ಏಳುತ್ತಾನೆ. ರಾತ್ರಿಭೋಜನ ಬಿಟ್ಟನೆಂದು ತಾಯಿ ಸಂತೋಷಪಡುತ್ತಾಳೆ. ಅಜ್ಜಿ ನೆರೆಮನೆಯವರಿಗೆ ಹೇಳುತ್ತಾಳೆ. ಯಾರೂ ಏಕೆಂದು ಕೇಳುವುದಿಲ್ಲ, ಏಕೆಂದರೆ ಉತ್ತರ ತಮಗೆ ತಿಳಿದಿದೆಯೆಂದು ಎಲ್ಲರ ನಂಬಿಕೆ. ಅಷ್ಟಮಿಯಂದು ಅವನು ಉಪವಾಸಕ್ಕೆ ನಿಂತಾಗ, ಅಂದು ಒಂದು ದಿನ ಕನ್ನಡಿ ನೋಡದೆ, ಚಿತ್ರ ತೆಗೆಯದೆ, ಯಾರಿಗೂ ತಿಳಿಸದೆ ಇರಬಲ್ಲೆಯಾ ಮಗು ಎಂದು ಅಜ್ಜನಾದವನು ಮೆಲ್ಲನೆ ಕೇಳಬಹುದು. ಹುಡುಗನು ಕೂಡಲೇ ಉತ್ತರ ಕೊಡಲಿಕ್ಕಿಲ್ಲ. ಆ ತಡವರಿಸುವಿಕೆಯನ್ನು ಬೈಯದೆ, ಅವನ ಪಕ್ಕದಲ್ಲಿ ಕುಳಿತು ಕಾಯಬೇಕು.